ಸ್ಥಾವರ ಒಲ್ಲದವರ ಊರಿಗೆ ಯಾತ್ರೆ

ವೈಶಾಖ ಶುದ್ಧ ತದಿಗೆಯ ಹೊತ್ತಿಗೆ ವಿಜಯಪುರ ಜಿಲ್ಲೆಯ ಬಿಸಿಲು 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಪಂಚಾಂಗದ ಲೆಕ್ಕಕ್ಕೆ ಅದಿನ್ನೂ ವಸಂತ ಋತು. ಹೊಲದಲ್ಲಿ ನೋಡಿದರೆ ಜೋಳದ ಕೂಳೆ ಒಣಗಿ ನಿಂತಿರುತ್ತದೆ, ಎರೆಮಣ್ಣು ಕೈ ತೂರುವಷ್ಟು ಬಿರಿದಿರುತ್ತದೆ. ಇಂಥ ಸುಡುಬಿಸಿಲಿನಲ್ಲೇ ಬಸವ ಜಯಂತಿ ಬರುತ್ತದೆ. ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಜೂಲ ಹೊದಿಸಿ ಮೆರವಣಿಗೆ ಮಾಡುತ್ತಾರೆ. ತೊಟ್ಟಿಲು ಕಟ್ಟಿ ಹೆಣ್ಣುಮಕ್ಕಳು ಜೋಗುಳ ಹಾಡುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯಿಂದ ಬಸವನ ಬಾಗೇವಾಡಿಗೆ ಬರುವ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಬಂದವರು ಮೊದಲು ಬಸವೇಶ್ವರನ ಗುಡಿಗೆ ಹೋಗುತ್ತಾರೆ. ಕಾಯಿ ಒಡೆಸುತ್ತಾರೆ, ಹಣೆ ಹಚ್ಚುತ್ತಾರೆ, ಪ್ರಸಾದಕ್ಕೆ ಸಾಲು ಹಿಡಿಯುತ್ತಾರೆ. ಬಸವಣ್ಣ ಹುಟ್ಟಿದ ಮನೆ ಇದ್ದದ್ದು ಇಲ್ಲೇ ಎಂದು ಊರು ನಂಬಿರುವ ಜಾಗದ ಸ್ಮಾರಕವನ್ನೂ ನೋಡುತ್ತಾರೆ. ಎಲ್ಲವೂ ಭಕ್ತಿಯಿಂದಲೇ ನಡೆಯುತ್ತದೆ. ಆದರೆ ಬಸವಣ್ಣನ ನಾಲ್ಕು ವಚನ ಬಲ್ಲವರ ಮನಸ್ಸಿನಲ್ಲಿ ಆ ಸಾಲಿನಲ್ಲಿ ನಿಂತಾಗಲೇ ಒಂದು ಪ್ರಶ್ನೆ ಏಳುತ್ತದೆ. ಕಲ್ಲಿನ ದೇಗುಲಕ್ಕಿಂತ ಬಡವನ ದೇಹವೇ ದೊಡ್ಡ ದೇಗುಲವೆಂದವನು ಈತ. ನಿಂತದ್ದು ಅಳಿಯುತ್ತದೆ, ನಡೆಯುವುದು ಉಳಿಯುತ್ತದೆ ಎಂದು ಸಾರಿದವನೂ ಈತನೇ. ತೀರ್ಥ ಮಿಂದು ಪಾಪ ಕಳೆಯುವ ಮಾತನ್ನು ಶರಣರು ಒಪ್ಪಲಿಲ್ಲ. ಹಾಗಿರುವಾಗ ಆತನ ಊರನ್ನೇ ತೀರ್ಥ ಮಾಡಿಕೊಂಡು ಬರುವುದು ಆತನನ್ನು ನೆನೆದಂತೆಯೋ, ಮರೆತಂತೆಯೋ?

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಈ ನಾಲ್ಕು ತಾಲ್ಲೂಕುಗಳ ನೆಲದಲ್ಲಿ ಅದಕ್ಕೆ ಒಂದಲ್ಲ, ಹಲವು ಉತ್ತರಗಳು ಸಿಗುತ್ತವೆ. ಅವುಗಳಲ್ಲಿ ಕೆಲವು ಒಂದಕ್ಕೊಂದು ಎದುರಾಗಿಯೂ ನಿಲ್ಲುತ್ತವೆ.

ದೇವರನ್ನು ಕಲ್ಲಿನಿಂದ ಬಿಡಿಸುವ ಹಟ ನಮ್ಮ ನಾಡೊಂದರದೇ ಅಲ್ಲ. ಬಾಲ್ಟಿಕ್ ಕಡಲ ದಂಡೆಯ ಟ್ಯಾಲಿನ್ ಎಸ್ಟೋನಿಯಾದ ರಾಜಧಾನಿ. ಮೇ ಕೊನೆಯ ದಿನಗಳಲ್ಲಿ ಅಲ್ಲಿ ರಾತ್ರಿ 10 ಗಂಟೆಗೂ ಸೂರ್ಯ ಪೂರ್ತಿ ಇಳಿದಿರುವುದಿಲ್ಲ. ಲೈಲಾಕ್ ಹೂ ಬಿಡುವ ಆ ಕಾಲದಲ್ಲಿ ಕೋಟೆಗೋಡೆಯೊಳಗಿನ ಹಳೆಯ ಪಟ್ಟಣವನ್ನು ನೋಡಲು ದೂರದೂರದ ಜನ ಬರುತ್ತಾರೆ. 1997ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟಣ ಅದು. 1524ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಬೇರೆಯದೇ ಗಾಳಿ ಬೀಸಿತ್ತು. ಮಾರ್ಟಿನ್ ಲೂಥರನ ಸುಧಾರಣೆಯ ಮಾತು ಕೇಳಿ ಕೆರಳಿದ ಗುಂಪು ಮಠಕ್ಕೂ ಚರ್ಚುಗಳಿಗೂ ನುಗ್ಗಿ ಸಂತರ ವಿಗ್ರಹಗಳನ್ನೂ ಚಿತ್ರಗಳನ್ನೂ ಒಡೆದು ಹಾಕಿತು. ಸಂತ ನಿಕೊಲಾಸನ ಚರ್ಚೊಂದು ಮಾತ್ರ ಉಳಿಯಿತು. ಅದನ್ನು ಎಸ್ಟೋನಿಯಾದವರು ನಿಗುಲಿಸ್ತೆ ಎನ್ನುತ್ತಾರೆ. ಅದರ ಮೇಲ್ವಿಚಾರಕ ಬಾಗಿಲ ಬೀಗಗಳಿಗೆ ಕಾಯಿಸಿದ ಸೀಸ ಸುರಿಸಿದ್ದರಿಂದ ಗುಂಪಿಗೆ ಕದ ತೆರೆಯಲಾಗಲಿಲ್ಲವೆಂದು ಆ ಊರಿನ ಇತಿಹಾಸ ಹೇಳುತ್ತದೆ.

1944ರ ಮಾರ್ಚ್‌ನಲ್ಲಿ ಸೋವಿಯತ್ ವಿಮಾನಗಳ ಬಾಂಬಿಗೆ ಆ ಚರ್ಚು ಉರಿಯಿತು. ಒಳಗಿನ ಬೆಲೆಬಾಳುವ ಕೃತಿಗಳನ್ನು ಮೊದಲೇ ಬೇರೆಡೆ ಸಾಗಿಸಿದ್ದರಿಂದ ಅವು ಉಳಿದುಕೊಂಡವು. ಈಗ ನಿಗುಲಿಸ್ತೆ ಒಂದು ಸಂಗ್ರಹಾಲಯ. ಲ್ಯೂಬೆಕ್ ನಗರದ ಚಿತ್ರಕಾರ ಹರ್ಮನ್ ರೋಡೆ 1481ರಲ್ಲಿ ಮುಗಿಸಿದ ಪೂಜಾಪೀಠದ ಚಿತ್ರಗಳ ಮುಂದೆ ಇಂದು ಮೊಣಕಾಲೂರುವವರು ಕಡಿಮೆ, ನಿಂತು ನೋಡುವವರು ಹೆಚ್ಚು. ಒಂದು ಕಾಲಕ್ಕೆ ದೇವರ ಎಡೆಯಲ್ಲಿದ್ದದ್ದು ಈಗ ಸಾಕ್ಷಿಯ ಎಡೆಗೆ ಬಂದು ನಿಂತಿದೆ. ಒಡೆಯಲು ಬಂದವರು ಏನನ್ನು ಒಡೆಯಬಯಸಿದ್ದರು ಎಂದು ತಿಳಿಯಲು ಸಹ ಆ ಉಳಿದ ಚಿತ್ರವೇ ಬೇಕು.

ಕನ್ನಡ ನಾಡಿನಲ್ಲೂ ಒಡೆದದ್ದುಂಟು. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನ ಶಿವಭಕ್ತ ಏಕಾಂತದ ರಾಮಯ್ಯನಿಗೂ ಜೈನರಿಗೂ ನಡೆದ ಪಂಥವನ್ನೂ, ಜಿನಬಿಂಬ ಒಡೆದದ್ದನ್ನೂ, ಸೋಮನಾಥನ ಗುಡಿ ಎದ್ದದ್ದನ್ನೂ ಹೇಳುತ್ತದೆ. ಅದನ್ನು ಮುಚ್ಚಿಡಬೇಕಿಲ್ಲ, ಅದರ ಬಗ್ಗೆ ಹೆಮ್ಮೆ ಪಡಬೇಕಾದದ್ದೂ ಇಲ್ಲ. ಒಂದು ಕಲ್ಲು ಬಿದ್ದ ಜಾಗದಲ್ಲಿ ಇನ್ನೊಂದು ಕಲ್ಲು ಎದ್ದರೆ ದೇವರ ಪ್ರಶ್ನೆ ಇತ್ಯರ್ಥವಾಗುವುದಿಲ್ಲ.

ಬಸವಣ್ಣನ ದಾರಿ ಬೇರೆ. ಇಷ್ಟಲಿಂಗವನ್ನು ಹತ್ತಿರದಿಂದ ನೋಡಿದರೆ ಅದು ತಿಳಿಯುತ್ತದೆ. ಕಂತೆ ಕಟ್ಟಿದ, ಕರ್ರಗೆ ಹೊಳೆಯುವ, ನೆಲ್ಲಿಕಾಯಿ ಗಾತ್ರದ ಆ ಲಿಂಗದ ಒಳಗಿರುವುದೂ ಕಲ್ಲೇ. ಬೆಳ್ಳಿಯ ಕರಡಿಗೆಯಲ್ಲೋ ಬಟ್ಟೆಯ ವಸ್ತ್ರದಲ್ಲೋ ಅದು ಎದೆಯ ಮೇಲಿರುತ್ತದೆ. ಪೂಜೆಯ ಹೊತ್ತಿಗೆ ಎಡ ಅಂಗೈಗೆ ಬಂದು ಕೂಡುತ್ತದೆ, ಹಿಡಿದವರ ಕಣ್ಣಿಗೆ ನೇರವಾಗಿ. ನಡುವೆ ಪೂಜಾರಿ ಇಲ್ಲ, ಗರ್ಭಗುಡಿಯ ಹೊಸ್ತಿಲಿಲ್ಲ, ಮಡಿಯ ಗೆರೆಯಿಲ್ಲ. ಶರಣರು ಕಲ್ಲನ್ನು ಬಿಸಾಡಲಿಲ್ಲ, ಅದರ ಒಡೆತನ ಬದಲಿಸಿದರು. ಊರ ಗೌಡನ, ಅರಸನ, ಅರ್ಚಕನ ಕೈಯಲ್ಲಿದ್ದದ್ದು ಸಮಗಾರನ, ಅಗಸನ, ಕಸ ಗುಡಿಸುವ ಹೆಣ್ಣುಮಗಳ ಅಂಗೈಗೆ ಬಂತು. ಹಾಗಾಗಿ ಅವರ ಜಗಳ ಇದ್ದದ್ದು ಕಲ್ಲಿನೊಂದಿಗಲ್ಲ, ಕಲ್ಲಿನ ಸುತ್ತ ಗೋಡೆ ಕಟ್ಟಿ ಬಾಗಿಲಲ್ಲಿ ಕಾವಲು ನಿಲ್ಲುವ ಅಧಿಕಾರದೊಂದಿಗೆ.

ಇಷ್ಟು ತಿಳಿದರೆ ಸಿಂದಗಿ ತಾಲ್ಲೂಕಿನ ಗೋಲಗೇರಿಯ ಕಥೆ ಹೊಸದಾಗಿ ಕೇಳಿಸುತ್ತದೆ. ಗೊಲ್ಲಾಳ ಕುರಿ ಕಾಯುವ ಹುಡುಗ. ಅವನಿಗೆ ಸಿಕ್ಕ ಲಿಂಗ ಒಣಗಿದ ಕುರಿಯ ಹಿಕ್ಕೆ. ಅದನ್ನೇ ನಂಬಿ, ಅದಕ್ಕೇ ಹಾಲೆರೆದು ಪೂಜಿಸಿದ. ಕಥೆಗೆ ಪಾಠಾಂತರಗಳು ಹಲವಿದ್ದರೂ ತಿರುಳು ಎಲ್ಲದರಲ್ಲೂ ಒಂದೇ: ವಸ್ತು ಎಷ್ಟೇ ಅಲ್ಪವಾಗಿರಲಿ, ನಂಬಿದವನ ನಿಷ್ಠೆ ಅದನ್ನು ಲಿಂಗ ಮಾಡಿತು. ಇಂದು ಗೋಲಗೇರಿಯಲ್ಲಿ ಗೊಲ್ಲಾಳೇಶ್ವರನ ಗುಡಿಯಿದೆ, ಜಾತ್ರೆ ನಡೆಯುತ್ತದೆ, ಹರಕೆಗಳು ಸಲ್ಲುತ್ತವೆ. ವಚನ ಓದಿಕೊಂಡವರು ಹರಕೆ ಹೊತ್ತು ಬರುವ ಮುದುಕಿಯನ್ನು ಕಂಡು ಇದು ಸ್ಥಾವರದ ಪೂಜೆ ಎಂದು ಮೂಗು ಮುರಿಯುವ ಮುನ್ನ ಗೊಲ್ಲಾಳನನ್ನು ನೆನೆಯಬೇಕು. ಬರಿಗಾಲಲ್ಲಿ ಅಷ್ಟು ದೂರ ನಡೆದು ಬಂದ ತಾಯಿಯ ಭಕ್ತಿಯನ್ನು ಅಳೆಯುವ ಕೋಲು ಯಾವ ಪಂಡಿತರ ಬಳಿಯೂ ಇಲ್ಲ. ಗುಡಿಯ ಕಲ್ಲಿಗಿಂತ ಹುಡುಗನ ನಂಬಿಕೆ ದೊಡ್ಡದು ಎನ್ನುವುದೇ ಆ ಗುಡಿಯ ಕಥೆಯಾಗಿರುವುದರಿಂದ, ಆ ಕಥೆ ಮರೆಯದಿರುವ ತನಕ ಗುಡಿ ದಾರಿ ತಪ್ಪಿಸುವುದಿಲ್ಲ.

ಯಾತ್ರೆಯ ಪ್ರಶ್ನೆಗೆ ಎಲ್ಲಕ್ಕಿಂತ ನೇರವಾದ ಉತ್ತರ ಇರುವುದು ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ. ಕೃಷ್ಣೆಯ ಉತ್ತರ ದಂಡೆಯ ಈ ಊರನ್ನು ಇತಿಹಾಸದ ಪುಸ್ತಕಗಳು ನೆನೆಯುವುದು 1565ರ ಕದನಕ್ಕಾಗಿ. ವಿಜಯನಗರದ ಬೆನ್ನು ಮುರಿದ ಆ ಯುದ್ಧವನ್ನು ತಾಳಿಕೋಟೆಯ ಹೆಸರಿನಿಂದ ಕರೆದರೂ ಹಲವರು ರಕ್ಕಸಗಿ–ತಂಗಡಗಿ ಎಂದೇ ಹೇಳುತ್ತಾರೆ. ಶರಣರ ಪರಂಪರೆಗೆ ಮಾತ್ರ ತಂಗಡಗಿ ನೀಲಮ್ಮನ ಊರು. ಕಲ್ಯಾಣದ ಕ್ರಾಂತಿ ರಕ್ತದಲ್ಲಿ ಮುಗಿದ ಮೇಲೆ ಬಸವಣ್ಣ ಕೂಡಲಸಂಗಮದಲ್ಲಿದ್ದ. ಮಡದಿ ನೀಲಮ್ಮನನ್ನು ಕರೆತರಲು ಶರಣ ಹಡಪದ ಅಪ್ಪಣ್ಣನನ್ನು ಕಳಿಸಿದ. ಅವಳು ತಂಗಡಗಿಯವರೆಗೆ ಬಂದಳು, ಸಂಗಮ ಇನ್ನು ದೂರವೇನೂ ಇರಲಿಲ್ಲ. ಆದರೆ ಮುಂದೆ ಹೆಜ್ಜೆ ಇಡಲಿಲ್ಲ. ಸಂಗಯ್ಯ ಆ ದಂಡೆಯಲ್ಲಿ ಇದ್ದಾನೆಂದರೆ ಈ ದಂಡೆಯಲ್ಲಿ ಇಲ್ಲವೆಂದೇ ಎಂಬ ಅವಳ ಪ್ರಶ್ನೆಯನ್ನು ಪರಂಪರೆ ಇಂದಿಗೂ ಹೇಳಿಕೊಂಡು ಬಂದಿದೆ. ಅಲ್ಲೇ, ಹೊಳೆಯ ದಂಡೆಯಲ್ಲೇ, ಲಿಂಗೈಕ್ಯಳಾದಳು. ಅಪ್ಪಣ್ಣನ ಐಕ್ಯವೂ ಅಲ್ಲೇ ಆಯಿತೆಂದು ನಂಬಿಕೆ. ಇಂದು ತಂಗಡಗಿ ಅಪ್ಪಣ್ಣನ ಗುರುಪೀಠದ ಊರೂ ಹೌದು.

ಗಂಡನ ಮಾತು, ಗುರುವಿನ ಮಾತು, ಸಂಗಮದಂಥ ಕ್ಷೇತ್ರ, ಮೂರೂ ಒಟ್ಟಿಗೆ ಕರೆದಾಗಲೂ ಒಬ್ಬ ಹೆಣ್ಣುಮಗಳು ತನ್ನ ಅರಿವನ್ನೇ ನೆಚ್ಚಿ ನಿಂತಳು. ವಚನ ಚಳವಳಿಯ ತತ್ವವನ್ನು ಬಸವಣ್ಣನಿಗೇ ತಿರುಗಿಸಿ ಹೇಳುವ ಎದೆಗಾರಿಕೆ ಅವಳಿಗಿತ್ತು. ಕೂಡಲಸಂಗಮಕ್ಕೆ ಹೋಗುವ ಲಕ್ಷಾಂತರ ಜನರಲ್ಲಿ ತಂಗಡಗಿಗೆ ಹೊರಳುವವರು ಕೆಲವರೇ. ಸಂಗಮದಲ್ಲಿ ಅಣೆಕಟ್ಟಿನ ಹಿನ್ನೀರು ಬಂದಾಗ ಐಕ್ಯಮಂಟಪ ಮುಳುಗದಂತೆ ಸುತ್ತ ಗೋಡೆ ಎಬ್ಬಿಸಿ, ಬಾವಿಯಂತಾದ ಆ ಆಳಕ್ಕೆ ಮೆಟ್ಟಿಲಿಳಿದು ಹೋಗುವ ಏರ್ಪಾಡು ಮಾಡಿದ್ದಾರೆ. ಅದನ್ನು ನೋಡಲೇಬೇಕು. ಆದರೆ ತಂಗಡಗಿಯ ದಂಡೆಯಲ್ಲಿ ನೀಲಮ್ಮನ ಪ್ರಶ್ನೆ ಕೇಳಿಸಿಕೊಳ್ಳದೆ ಸಂಗಮದ ಮೆಟ್ಟಿಲಿಳಿದವರ ಯಾತ್ರೆ ಅರ್ಧಕ್ಕೇ ನಿಂತಂತೆ.

ಹಾಗಾದರೆ ನೀಲಮ್ಮನ ಮಾತು ಒಪ್ಪಿದವರು ಮನೆಯಲ್ಲೇ ಕೂಡಬೇಕೇ? ಕಲ್ಲು, ಊರು, ಸ್ಮಾರಕ ಏನೂ ಬೇಡವೇ? ಇಲ್ಲಿ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ ಕಲ್ಲು ಮಾತಾಡುತ್ತದೆ. 1260ರ ಈ ಶಾಸನದಲ್ಲಿ ಬಾಗೇವಾಡಿಯ ಹೆಸರಿದೆ, ಮಾದಿರಾಜನ ಹೆಸರಿದೆ, ಅವನ ಮಗ ಬಸವರಾಜನ ಹೆಸರಿದೆ. ಬಸವಣ್ಣನ ಬಗ್ಗೆ ನಮಗಿರುವುದರಲ್ಲಿ ಹೆಚ್ಚಿನದು ಹರಿಹರನ ರಗಳೆಯಿಂದ, ಪುರಾಣಗಳಿಂದ, ಬಾಯಿಂದ ಬಾಯಿಗೆ ಬಂದ ಮಾತಿನಿಂದ ಬಂದದ್ದು. ಇವು ಕವಿಯ, ಭಕ್ತರ ಕಲ್ಪನೆಯಲ್ಲವೇ ಎಂದು ಕೇಳಿದವರಿಗೆ ವಿದ್ವಾಂಸರು ತೋರಿಸಿದ ಗಟ್ಟಿ ಆಧಾರಗಳಲ್ಲಿ ಆ ಕಲ್ಲೂ ಒಂದು. ಆತ ಲಿಂಗೈಕ್ಯನಾಗಿ ನೂರು ವರ್ಷ ಕಳೆಯುವಷ್ಟರಲ್ಲೇ ಕೆತ್ತಿದ ಅಕ್ಷರಗಳವು. ಕಲ್ಲನ್ನು ನೆಚ್ಚದವನ ಇರವಿಗೆ ಕಲ್ಲೇ ಪುರಾವೆ ನೀಡಿತು.

ಅಲ್ಲಿಂದ ಪ್ರಶ್ನೆ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕಲ್ಲು ಯಾವ ಕೆಲಸಕ್ಕೆ ನಿಂತಿದೆ ಎಂದು ಕೇಳಬೇಕು. ದೇವರಾಗಿ ನಿಂತ ಕಲ್ಲು ಕೈಮುಗಿಯಲು ಹೇಳುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಸಾಕ್ಷಿಯಾಗಿ ನಿಂತ ಕಲ್ಲು ಇಲ್ಲಿ ಏನು ನಡೆಯಿತೆಂದು ಹೇಳಿ ನೀನೇನು ಮಾಡುತ್ತೀ ಎಂದು ಕೇಳುತ್ತದೆ. ಬಾಗೇವಾಡಿಯಿಂದ ಹತ್ತಿರದಲ್ಲೇ ಇಂಗಳೇಶ್ವರವಿದೆ, ಬಸವಣ್ಣನ ತಾಯಿ ಮಾದಲಾಂಬಿಕೆಯ ತವರೂರು. ಅಲ್ಲಿಯ ವಿರಕ್ತಮಠದವರು ವಚನಗಳನ್ನೇ ಕಲ್ಲಿನಲ್ಲಿ ಕೊರೆಸಿ ವಚನ ಶಿಲಾಮಂಟಪ ಮಾಡಿದ್ದಾರೆ. ಆ ಕಲ್ಲಿನ ಮುಂದೆ ನಿಂತವನಿಗೆ ಓದುವುದರ ಹೊರತು ಬೇರೆ ಕೆಲಸವಿಲ್ಲ. ಸಾಕ್ಷಿಯಾಗಿ ನಿಲ್ಲುವ ಕಲ್ಲು ಹೇಗಿರಬೇಕೆಂಬುದಕ್ಕೆ ಇದೊಂದು ಮಾದರಿ.

ಪೂಜೆಗೂ ಓದಿಗೂ ಇರುವ ಅಂತರ ಈ ಜಿಲ್ಲೆಗೆ ನೂರು ವರ್ಷದ ಹಿಂದೆಯೇ ಗೊತ್ತಾಗಿತ್ತು. ವಚನಗಳ ತಾಳೆಗರಿ ಕಟ್ಟುಗಳು ಮಠಗಳಲ್ಲಿ, ಮನೆಗಳ ಜಗುಲಿಯ ಮೇಲೆ ವಿಭೂತಿ ಹಚ್ಚಿಸಿಕೊಂಡು ಕುಳಿತಿದ್ದವು. ಊದುಬತ್ತಿ ಬೆಳಗುತ್ತಿದ್ದವರಲ್ಲಿ ಕಟ್ಟು ಬಿಚ್ಚುತ್ತಿದ್ದವರು ವಿರಳ. ವಿಜಾಪುರದ ವಕೀಲ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಆ ಕಟ್ಟುಗಳನ್ನು ಬೇಡಿ ತಂದರು, ಬಿಚ್ಚಿದರು, ಓದಿದರು, ಪಾಠ ಹೋಲಿಸಿದರು. 1923ರಲ್ಲಿ ‘ವಚನಶಾಸ್ತ್ರ ಸಾರ’ ಹೊರಬಂತು. ಅಚ್ಚಿಗಾಗಿ ಹಿತಚಿಂತಕ ಮುದ್ರಣಾಲಯ ಕಟ್ಟಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ತೆಗೆದರು, ಈ ಕೆಲಸಕ್ಕಾಗಿ ಇದ್ದ ಮನೆಯನ್ನೂ ಮಾರಿದರು. 1964ರಲ್ಲಿ ತೀರಿಕೊಳ್ಳುವವರೆಗೆ ಅವರದು ಇದೇ ಕಾಯಕ. ಇಂದು ಶಾಲೆಯ ಹುಡುಗಿಯೊಬ್ಬಳು ಅಕ್ಕನ, ನೀಲಮ್ಮನ ವಚನ ಬಾಯಿಪಾಠ ಹೇಳುತ್ತಿದ್ದರೆ ಆ ಬಿಚ್ಚಿದ ಕಟ್ಟುಗಳೇ ಕಾರಣ. ಬಸವಣ್ಣನ ನಿಜವಾದ ಊರು ಯಾವುದೆಂದು ಕೇಳಿದರೆ ಬಾಗೇವಾಡಿಯಷ್ಟೇ ಧೈರ್ಯದಿಂದ ಆ ಪುಟಗಳನ್ನೂ ತೋರಿಸಬಹುದು.

ಬಸವ ಜಯಂತಿಯ ಕಥೆಯೂ ಹೀಗೆಯೇ. 1913ರಲ್ಲಿ ದಾವಣಗೆರೆಯ ವಿರಕ್ತಮಠದಲ್ಲಿ ಅದನ್ನು ಸಾರ್ವಜನಿಕವಾಗಿ ಆಚರಿಸಲು ಮೊದಲು ಮಾಡಿದವರು ಹರ್ಡೇಕರ ಮಂಜಪ್ಪನವರು. ಕರ್ನಾಟಕದ ಗಾಂಧಿ ಎಂದು ಜನ ಕರೆದ ಈ ಬ್ರಹ್ಮಚಾರಿ ಕೊನೆಗೆ ನೆಲೆ ನಿಂತದ್ದು ಬಾಗೇವಾಡಿ ಸೀಮೆಯ ಆಲಮಟ್ಟಿಯಲ್ಲಿ. ಅಲ್ಲಿ ಆಶ್ರಮ ಕಟ್ಟಿದರು, ಚರಕ ತಿರುಗಿಸಿದರು, ಮಕ್ಕಳಿಗೆ ಪಾಠ ಹೇಳಿದರು, ಪುಸ್ತಕ ಬರೆದರು. 1947ರ ಜನವರಿಯಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳಿರುವಾಗ, ತೀರಿಕೊಂಡರು. ಅವರಿಗೆ ಜಯಂತಿಯೆಂದರೆ ಬಸವಣ್ಣನ ಕಾಯಕ, ದಾಸೋಹಗಳನ್ನು ಈ ಕಾಲದ ಬದುಕಿಗೆ ಹಚ್ಚಿ ನೋಡುವ ದಿನ. ಇಂದಿನ ಆಲಮಟ್ಟಿಗೆ ಜಲಾಶಯ, ಉದ್ಯಾನ ನೋಡಲು ಬರುವವರಿಗೆ ಆ ಆಶ್ರಮದ ನೆನಪು ಮಾಡಿಕೊಡುವವರು ಬೇಕು.

ಇಂಡಿಯ ಕಡೆಯ ಉತ್ತರ ಇನ್ನೂ ಒಳಮುಖವಾದದ್ದು. ನಿಂಬರಗಿ, ಇಂಚಗೇರಿ, ನಿಂಬಾಳ ಹಳೆಯ ಇಂಡಿ ತಾಲ್ಲೂಕಿನ ಮೂರು ಸಣ್ಣ ಊರುಗಳು. 19ನೇ ಶತಮಾನದಲ್ಲಿ ನಿಂಬರಗಿ ಮಹಾರಾಜರಿಂದ ಹರಿದ ಗುರುಪರಂಪರೆ ಉಮದಿಯ ಭಾವೂಸಾಹೇಬ ಮಹಾರಾಜರ ಮೂಲಕ ಇಂಚಗೇರಿಯಲ್ಲಿ ಬೇರೂರಿತು. ಅದರ ಒಂದು ಕವಲು ಸಿದ್ಧರಾಮೇಶ್ವರ ಮಹಾರಾಜರಿಂದ ಮುಂಬಯಿಯ ನಿಸರ್ಗದತ್ತ ಮಹಾರಾಜರಿಗೆ ತಲುಪಿತು. ಬೀಡಿ ಮಾರಿ ಬದುಕುತ್ತಿದ್ದ ನಿಸರ್ಗದತ್ತರ ಮಾತುಗಳ ಪುಸ್ತಕ 1973ರಲ್ಲಿ ಇಂಗ್ಲಿಷಿನಲ್ಲಿ ಬಂದ ಮೇಲೆ ಇಂಚಗೇರಿಯ ಹೆಸರು ಯೂರೋಪು, ಅಮೆರಿಕಗಳ ಸಾಧಕರ ಬಾಯಲ್ಲೂ ಸುಳಿದಾಡಿತು. ಇನ್ನೊಂದು ಕವಲು ಗುರುದೇವ ರಾನಡೆಯವರದು. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿ, ಉಪನಿಷತ್ತುಗಳ ಮೇಲೆ ದೊಡ್ಡ ಗ್ರಂಥ ಬರೆದು, ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿ ಹುದ್ದೆಯವರೆಗೆ ಏರಿದ ತತ್ವಜ್ಞಾನಿ ತಮ್ಮ ಸಾಧನೆಗೆ ಆರಿಸಿಕೊಂಡದ್ದು ನಿಂಬಾಳದ ಬಯಲನ್ನು. ಸೊಲ್ಲಾಪುರ–ವಿಜಯಪುರ ರೈಲುಹಾದಿಯ ಆ ಚಿಕ್ಕ ನಿಲ್ದಾಣದಲ್ಲಿ ದೇಶದ ವಿದ್ವಾಂಸರು ಇಳಿಯುತ್ತಿದ್ದರು. 1957ರ ಜೂನ್‌ನಲ್ಲಿ ರಾನಡೆಯವರು ದೇಹ ಬಿಟ್ಟದ್ದೂ ಅಲ್ಲೇ. ಕನ್ನಡ ಸಂತರ ವಚನ, ಪದಗಳನ್ನು ಅವರು ಸಾಹಿತ್ಯವೆಂದಷ್ಟೇ ಕಾಣದೆ ದೇವರೆಡೆಗಿನ ಹಾದಿಯ ಗುರುತುಗಳೆಂದು ಓದಿದರು. ನಿಂಬಾಳದಲ್ಲಿ ನೋಡಲು ಹೆಚ್ಚೇನಿಲ್ಲ. ಅಲ್ಲಿಗೆ ಹೋಗುವವರು ನಾಮಕ್ಕೆ ಕೂಡಲು ಹೋಗುತ್ತಾರೆ.

ಈ ಎಲ್ಲ ಉತ್ತರಗಳ ಕೊನೆಯಲ್ಲಿ, ನಮ್ಮ ಕಣ್ಣೆದುರೇ ಬದುಕಿದ್ದ ಒಬ್ಬರ ನಡೆ ಇದೆ. ಬಿಜ್ಜರಗಿಯಲ್ಲಿ ಹುಟ್ಟಿ ವಿಜಯಪುರದ ಜ್ಞಾನಯೋಗಾಶ್ರಮದಲ್ಲಿದ್ದ ಸಿದ್ಧೇಶ್ವರ ಅಪ್ಪಗಳ ಪ್ರವಚನಕ್ಕೆ ಈ ನಾಲ್ಕೂ ತಾಲ್ಲೂಕುಗಳ ಹಳ್ಳಿಗಳು ನಸುಕಿಗೇ ಎದ್ದು ಬರುತ್ತಿದ್ದವು. 2018ರಲ್ಲಿ ಪದ್ಮಶ್ರೀ ಬಂದಾಗ ಬೇಡವೆಂದು ವಿನಯದಿಂದ ಪತ್ರ ಬರೆದರು. 2014ರ ಗುರುಪೂರ್ಣಿಮೆಯ ದಿನವೇ ಬರೆದಿಟ್ಟ ಅಂತಿಮ ಅಭಿವಂದನ ಪತ್ರದಲ್ಲಿ ದೇಹವನ್ನು ಮಣ್ಣಿಗಿಡದೆ ಬೆಂಕಿಗೆ ಕೊಡಬೇಕು, ಚಿತಾಭಸ್ಮವನ್ನು ನೀರಿಗೆ ಬಿಡಬೇಕು, ಸ್ಮಾರಕ ಕಟ್ಟಬಾರದು ಎಂದು ಕೋರಿದ್ದರು. ಸ್ವಾಮಿಗಳನ್ನು ಸಮಾಧಿ ಮಾಡಿ ಗದ್ದುಗೆ ಎಬ್ಬಿಸುವ ರೂಢಿಯ ನಾಡಿನಲ್ಲಿ ಇದು ಸಣ್ಣ ಮಾತಲ್ಲ. 2023ರ ಜನವರಿ 2ರಂದು ಅವರು ತೀರಿಕೊಂಡಾಗ ಲಕ್ಷಾಂತರ ಜನ ಸೇರಿದರು, ಅತ್ತರು, ಮತ್ತು ಅವರ ಮಾತಿನಂತೆ ಚಿತೆಗೆ ಒಪ್ಪಿಸಿದರು. ನೀಲಮ್ಮನ ಪ್ರಶ್ನೆ 800 ವರ್ಷಗಳ ಮೇಲೂ ಈ ನೆಲದಲ್ಲಿ ಜೀವಂತವಾಗಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಬಸವಣ್ಣನನ್ನು ನಾಡಿನ ಸಾಂಸ್ಕೃತಿಕ ನಾಯಕನೆಂದು ಘೋಷಿಸಿತು. ಅದು ಸರಿಯಾದ ಗೌರವವೇ. ಆದರೆ ಘೋಷಣೆಯ ಬೆನ್ನಿಗೆ ಇನ್ನಷ್ಟು ಪುತ್ಥಳಿ, ಇನ್ನಷ್ಟು ಕಮಾನು, ಇನ್ನಷ್ಟು ಕಾಂಕ್ರೀಟು ಬರುವ ಹಾದಿ ಸಲೀಸು. ಶರಣರ ಊರುಗಳಿಗೆ ಬೇಕಾದದ್ದು ಬೇರೆ. ಬಾಗೇವಾಡಿ, ತಂಗಡಗಿ, ಗೋಲಗೇರಿಗಳಲ್ಲಿ ಯಾತ್ರಿಕರು ನೆರಳಿನಲ್ಲಿ ಕುಳಿತು ಓದಬಹುದಾದ ಒಂದೊಂದು ಕೋಣೆ ಬೇಕು. ಶರಣ ಮಡಿವಾಳ ಮಾಚಯ್ಯನ ಊರಾದ ದೇವರ ಹಿಪ್ಪರಗಿಗೂ ಅಂಥದೊಂದು ಬೇಕು. ಅಲ್ಲಿ ಆ ಊರಿನ ಶರಣರ ವಚನಗಳು, ಹಳಕಟ್ಟಿಯವರ ಪುಸ್ತಕಗಳು, ಅರ್ಜುನವಾಡ ಶಾಸನದ ಪಾಠ ಇರಬೇಕು. ಓದಲು ಬಾರದವರಿಗೆ ಓದಿ ಹೇಳುವ ಒಬ್ಬರಿರಬೇಕು. ಕಾಯಿ ಒಡೆಸಿದ ಸಾಲು ಆ ಕೋಣೆಯ ಕಡೆಗೂ ಹರಿಯಬೇಕು.

ಮಠಗಳು, ಪ್ರಾಧಿಕಾರಗಳು, ಪಂಚಾಯಿತಿಗಳು ಇದನ್ನು ಮನಸ್ಸಿಟ್ಟು ಮಾಡಲಿ. ಇನ್ನು ಹೋಗುವವರಿಗೆ ಒಂದು ಮಾತು: ಮುಂದಿನ ವೈಶಾಖದಲ್ಲಿ ಬಾಗೇವಾಡಿಗೆ ಹೊರಟಾಗ ನೀಲಮ್ಮನ ವಚನಗಳ ಪುಸ್ತಕವೊಂದನ್ನು ಚೀಲದಲ್ಲಿ ಇಟ್ಟುಕೊಳ್ಳಿ, ಸಂಗಮಕ್ಕೆ ಹೋಗುವ ಮುಂಚೆ ತಂಗಡಗಿಯಲ್ಲಿ ಇಳಿಯಿರಿ, ಅಲ್ಲಿ ಕುಳಿತು ಓದಿ, ಜೊತೆಗೆ ಮಕ್ಕಳಿದ್ದರೆ ಅವರಿಗೂ ಓದಿ ಹೇಳಿ.